ದೇವರಿಗೆ ಕೊಟ್ಟ ಮಾತು ಅರ್ಧಕ್ಕೆ ನಿಂತಿದೆ, ಈಗ ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದ ಹಿಂದೆ ಮಗಳಿಗೆ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಳು. ಆ ರಾತ್ರಿ ಹೊರಗೆ ಕೂತು ದೇವರಿಗೆ ಹರಕೆ ಹೊತ್ತೆ. ಮಗು ಉಳಿದರೆ ಬದುಕಿರುವವರೆಗೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಗಂಟೆ ಸ್ತುತಿ ಮಾಡ್ತೀನಿ, ಹೊಸ ಕೆಲಸ ಸಿಕ್ಕರೆ ಮೊದಲ ಸಂಬಳ ಪೂರ್ತಿ ಅನಾಥ ಮಕ್ಕಳಿಗೆ ಕೊಡ್ತೀನಿ ಅಂದೆ. ಮಗಳು ಹುಷಾರಾದಳು, ಕೆಲಸವೂ ಸಿಕ್ಕಿತು. ಮೊದಲ ಸಂಬಳ ಅಪ್ಪನ ಆಪರೇಷನ್‌ಗೆ ಹೋಯಿತು. ಕೆಲವು ತಿಂಗಳು ನಾಲ್ಕಕ್ಕೆ ಎದ್ದೆ. ಈಗ ಕೆಲಸ ಮುಗಿಸಿ ಮನೆಗೆ ಬರುವಾಗಲೇ ಮಧ್ಯರಾತ್ರಿ ದಾಟಿರುತ್ತೆ, ಏಳೋಕೆ ಆಗಲ್ಲ. ಎದ್ದ ದಿನವೂ ಬಾಯಿ ಹಾಡುತ್ತೆ, ಮನಸ್ಸು ಖಾಲಿ. ಇದು ಕಪಟ ಅಲ್ವಾ? ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು, ಹರಕೆ ಮುರಿದವರ ಮನೆ ಮೇಲೆ ಸೈತಾನನಿಗೆ ಹಕ್ಕು ಬರುತ್ತೆ ಅಂದರು. ಅಂದಿನಿಂದ ಮಗಳಿಗೆ ಸ್ವಲ್ಪ ಮೈ ಬಿಸಿಯಾದರೂ ನನ್ನ ಕೈ ನಡುಗುತ್ತೆ. ಇನ್ನೊಂದು ವಿಷಯ. ಕೆಲವೊಮ್ಮೆ ಸುಮ್ನೆ ಕೂತಾಗ ತಲೆಯಲ್ಲಿ ತಾನಾಗಿಯೇ, ಈ ಪ್ರಾರ್ಥನೆ ಇನ್ನೊಂದು ಸಲ ಹೇಳದಿದ್ದರೆ ಮಗಳಿಗೆ ಏನಾದರೂ ಆಗುತ್ತೆ ಅನ್ನೋ ಮಾತು ಬರುತ್ತೆ. ಅದೂ ಹರಕೆಯಾ? ಗಂಡನಿಗೆ ಇದ್ಯಾವುದೂ ಗೊತ್ತಿಲ್ಲ.

ಉತ್ತರ: ನೀವು ಕೇಳಿರುವುದು ಹರಕೆ ಬಗ್ಗೆ. ಆದರೆ ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದ ಮೇಲೆ ನನಗೆ ಕಂಡದ್ದು ಬೇರೆ. ಮಗಳ ಜೀವ ನಿಮ್ಮ ಹರಕೆಗೆ ಅಡವಿಟ್ಟಿದೆ, ಒಂದು ದಿನ ತಪ್ಪಿದರೂ ದೇವರು ಅವಳನ್ನು ವಾಪಸ್ ಕೇಳುತ್ತಾರೆ ಅನ್ನೋ ಭಯ ನಿಮ್ಮ ಒಳಗೆ ಕೂತಿದೆ. ಮೊದಲು ಇದಕ್ಕೆ ಉತ್ತರ ಕೊಡ್ತೀನಿ. ಇದು ಸರಿಯಾಗದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಮಾರ್ಕನ ಸುವಾರ್ತೆ 5ನೇ ಅಧ್ಯಾಯದಲ್ಲಿ ಯಾಯೀರ ಅನ್ನುವ ಒಬ್ಬ ತಂದೆ ಬರುತ್ತಾನೆ. ಅವನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸುವಿನ ಕಾಲಿಗೆ ಬಿದ್ದು ಬೇಡಿಕೊಳ್ಳುತ್ತಾನೆ. ಅವನು ಏನಾದರೂ ಕೊಡ್ತೀನಿ ಅಂತ ಮಾತು ಕೊಟ್ಟನಾ? ಇಲ್ಲ. ಯೇಸು ಏನಾದರೂ ಕೇಳಿದರಾ? ಅದೂ ಇಲ್ಲ. ಹುಡುಗಿ ಎದ್ದು ಓಡಾಡಿದ ಮೇಲೆ ಅವರು ಮನೆಯವರಿಗೆ ಹೇಳಿದ್ದು ಎರಡೇ ಮಾತು. ಇದನ್ನು ಯಾರಿಗೂ ಹೇಳಬೇಡಿ, ಇವಳಿಗೆ ತಿನ್ನೋಕೆ ಏನಾದರೂ ಕೊಡಿ. ಲೂಕ 17ರಲ್ಲಿ ಹತ್ತು ಜನ ಕುಷ್ಠರೋಗಿಗಳು ಗುಣವಾಗುತ್ತಾರೆ, ಸ್ತೋತ್ರ ಹೇಳೋಕೆ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದರು. ಆ ಪ್ರಶ್ನೆಯಲ್ಲಿ ನೋವಿದೆ. ಆದರೆ ಆ ಒಂಬತ್ತು ಜನಕ್ಕೆ ರೋಗ ಮತ್ತೆ ಬಂತು ಅಂತ ಎಲ್ಲೂ ಬರೆದಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಅವರ ಸ್ವಭಾವವಲ್ಲ.

ನಿಮ್ಮ ಮಗಳು ಉಳಿದದ್ದು ನೀವು ಕೊಟ್ಟ ಮಾತಿನ ಬೆಲೆಗಲ್ಲ. ಆ ರಾತ್ರಿ ನೀವು ಏನೂ ಹೇಳದೆ ಬರೀ ಅತ್ತಿದ್ದರೂ ಆ ಅಳು ದೇವರಿಗೆ ಕೇಳಿಸುತ್ತಿತ್ತು.

ಜ್ವರದ ವಿಷಯಕ್ಕೆ ಬರೋಣ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಸಾಮಾನ್ಯ. ಅಷ್ಟು ಸಲ ಮೈ ಬಿಸಿಯಾಗುವ ಮಗುವಿನ ತಾಯಿಗೆ, ತಾನು ಪ್ರಾರ್ಥನೆ ತಪ್ಪಿಸಿದ ದಿನಕ್ಕೂ ಜ್ವರಕ್ಕೂ ಗಂಟು ಹಾಕೋದು ಬಹಳ ಸುಲಭ. ಪ್ರಾರ್ಥನೆ ತಪ್ಪಿಸಿಯೂ ಮಗು ಆರಾಮಾಗಿ ಆಡಿಕೊಂಡಿದ್ದ ದಿನಗಳು ಎಷ್ಟೋ ಇರುತ್ತವೆ, ಅವು ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ. ಯೋಹಾನ 9ರಲ್ಲಿ ಶಿಷ್ಯರು ಹುಟ್ಟು ಕುರುಡನನ್ನು ತೋರಿಸಿ, ಪಾಪ ಮಾಡಿದವನು ಇವನಾ ಇವನ ಅಪ್ಪ ಅಮ್ಮನಾ ಅಂತ ಕೇಳುತ್ತಾರೆ. ಯಾರೂ ಅಲ್ಲ ಅನ್ನುತ್ತಾರೆ ಯೇಸು. ತಂದೆಯ ದೋಷದ ಫಲವನ್ನು ಮಗ ಅನುಭವಿಸುವುದಿಲ್ಲ ಅಂತ ಯೆಹೆಜ್ಕೇಲ 18ರಲ್ಲೂ ಇದೆ. ಮಗುವಿಗೆ ಜ್ವರ ಬಂದರೆ ಥರ್ಮಾಮೀಟರ್ ಇಡಿ, ಡಾಕ್ಟರಿಗೆ ತೋರಿಸಿ, ಪ್ರಾರ್ಥನೆಯನ್ನೂ ಮಾಡಿ. ಹರಕೆ ಲೆಕ್ಕವನ್ನು ಆ ಹೊತ್ತಿನಲ್ಲಿ ತೆಗೆಯಬೇಡಿ.

ಆ ಹಿರಿಯರು ಹೇಳಿದ ಮಾತಿಗೆ ಆಧಾರ ಹುಡುಕಿದರೆ ಸಾಮಾನ್ಯವಾಗಿ ತೋರಿಸುವುದು ಪ್ರಸಂಗಿ 5ನೇ ಅಧ್ಯಾಯ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹರಕೆ ಹೊರದೇ ಇರುವುದು ಮೇಲು, ನಿನ್ನ ಮಾತಿಗೆ ದೇವರು ಕೋಪಗೊಂಡು ನಿನ್ನ ಕೈಕೆಲಸವನ್ನು ಯಾಕೆ ಹಾಳುಮಾಡಬೇಕು ಅಂತ ಅಲ್ಲಿದೆ. ಗಟ್ಟಿ ಮಾತೇ ಅದು. ನಾನು ಅದನ್ನು ತೆಳುಮಾಡಲ್ಲ. ಆದರೆ ಅದು ಯಾರಿಗೆ ಹೇಳಿದ್ದು ನೋಡಿ. ಬಾಯಿಗೆ ಬಂದದ್ದನ್ನು ಹೇಳಿ, ಆಮೇಲೆ ಅಯ್ಯೋ ಅದೇನೋ ತಪ್ಪಿ ಬಂದ ಮಾತು ಬಿಡಿ ಅಂತ ಕೈ ಕೊಡವಿಕೊಳ್ಳುವವನಿಗೆ. ಎರಡು ವರ್ಷದಿಂದ ನಿದ್ದೆಗೆಟ್ಟು ಕೊರಗುತ್ತಿರುವ ತಾಯಿಯ ತಲೆಗೆ ಹೊಡೆಯೋಕೆ ಅದನ್ನು ಬರೆದದ್ದಲ್ಲ. ಸೈತಾನನಿಗೆ ಮನೆ ಮೇಲೆ ಹಕ್ಕು ಅನ್ನುವುದಂತೂ ಆ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲೇ, ಯಾಜಕಕಾಂಡ 5ರಲ್ಲಿ, ದುಡುಕಿ ಆಣೆ ಇಟ್ಟವನು ಏನು ಮಾಡಬೇಕು ಅಂತ ದಾರಿ ಇದೆ. ತಪ್ಪನ್ನು ಒಪ್ಪಿಕೊಳ್ಳಬೇಕು, ಕುರಿ ಅಥವಾ ಮೇಕೆ ತರಬೇಕು, ಬಡವನಾದರೆ ಎರಡು ಹಕ್ಕಿ, ಅದಕ್ಕೂ ಗತಿ ಇಲ್ಲದವನಿಗೆ ಸ್ವಲ್ಪ ಹಿಟ್ಟು ಸಾಕು. ಅಂದರೆ ಮನುಷ್ಯರು ಹೀಗೆ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ದೇವರಿಗೆ ಮೊದಲೇ ಗೊತ್ತಿತ್ತು. ಕ್ರಿಸ್ತನಲ್ಲಿ ಇರುವವರಿಗೆ ಆ ಬಾಗಿಲು ಇನ್ನೂ ಅಗಲವಾಗಿದೆ, ಕಿರಿದಾಗಿಲ್ಲ.

ಇಷ್ಟು ಹೇಳಿ, ಹಾಗಾದರೆ ಹರಕೆಗೆ ಬೆಲೆಯೇ ಇಲ್ಲ, ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ಹಾಗೆ ಹೇಳುವವರೂ ಇದ್ದಾರೆ. ನಷ್ಟವಾದರೂ ಕೊಟ್ಟ ಮಾತು ಬದಲಿಸದವನನ್ನು ಕೀರ್ತನೆ 15 ಮೆಚ್ಚುತ್ತದೆ. ದೇವರಿಗೆ ಕೊಟ್ಟ ಮಾತು ನಿಮ್ಮನ್ನು ಚುಚ್ಚುತ್ತಿದೆ ಅಂದರೆ ನಿಮ್ಮ ಮನಸ್ಸಾಕ್ಷಿ ಜೀವಂತವಾಗಿದೆ, ಅದು ಒಳ್ಳೆಯದೇ. ಆದರೆ ಬೈಬಲಿನಲ್ಲಿ ಹರಕೆ ಹೇಗಿತ್ತು ಅಂತ ತಿಳಿದರೆ ನಿಮ್ಮದು ಎಲ್ಲಿ ದಾರಿ ತಪ್ಪಿತು ಅನ್ನುವುದು ಕಾಣುತ್ತೆ.

ಧರ್ಮೋಪದೇಶಕಾಂಡ 23ರ ಪ್ರಕಾರ ಹರಕೆ ಹೊರಲೇಬೇಕು ಅಂತಿಲ್ಲ, ಹೊರದಿದ್ದರೆ ಪಾಪವೂ ಅಲ್ಲ. ಹೊತ್ತರೆ ತಡಮಾಡದೆ ತೀರಿಸಬೇಕು. ತೀರಿಸುವುದು ಅಂದರೆ ಹೆಚ್ಚಾಗಿ ಸಮಾಧಾನಯಜ್ಞ, ಅಂದರೆ ಪ್ರಾಣಿಯನ್ನು ದೇವರಿಗೆ ಅರ್ಪಿಸಿ ಅದರ ಮಾಂಸವನ್ನು ಉಣ್ಣುವುದು. ಯಾಜಕಕಾಂಡ 7ರಲ್ಲಿ ಅದರ ವಿವರ ಇದೆ. ಹರಕೆಯ ಮಾಂಸವನ್ನು ಅದೇ ದಿನ ತಿನ್ನಬೇಕು, ಉಳಿದರೆ ಮಾರನೇ ದಿನ ತಿನ್ನಬಹುದು, ಮೂರನೇ ದಿನಕ್ಕೆ ಉಳಿದದ್ದನ್ನು ಸುಡಬೇಕು. ಎರಡು ದಿನದಲ್ಲಿ ಖಾಲಿಯಾಗಬೇಕು ಅಂದರೆ ಮನೆಯವರನ್ನು ಮಾತ್ರವಲ್ಲ, ಹತ್ತು ಜನರನ್ನು ಕರೆದು ಬಡಿಸಲೇಬೇಕು. ಕೀರ್ತನೆ 22ರಲ್ಲಿ, ದೇವಜನರ ಮುಂದೆ ಹರಕೆ ಸಲ್ಲಿಸುತ್ತೇನೆ ಅಂದ ಬೆನ್ನಿಗೇ, ದೀನರು ಉಂಡು ತೃಪ್ತರಾಗುತ್ತಾರೆ ಅಂತ ಬರುವುದು ಸುಮ್ನೆ ಅಲ್ಲ. ಕೀರ್ತನೆ 66ರಲ್ಲೂ ಅಷ್ಟೇ. ಕಷ್ಟದಲ್ಲಿ ಬಾಯಿಬಿಟ್ಟು ಹೇಳಿದ ಹರಕೆ ತೀರಿಸುತ್ತೇನೆ ಅನ್ನುವವನು, ಎರಡೇ ವಚನ ಆದ ಮೇಲೆ, ಬನ್ನಿ ಕೇಳಿ, ದೇವರು ನನಗೆ ಮಾಡಿದ್ದನ್ನು ಹೇಳ್ತೀನಿ ಅಂತ ಜನರನ್ನು ಕರೆಯುತ್ತಾನೆ. ಊಟ ಇತ್ತು, ಜನ ಇದ್ದರು, ಹಾಡು ಇತ್ತು, ನಡೆದದ್ದನ್ನು ಎಲ್ಲರ ಮುಂದೆ ಹೇಳುವುದು ಇತ್ತು. ಸಾಮಾನ್ಯವಾಗಿ ಅದಕ್ಕೊಂದು ಅಳತೆ ಇತ್ತು, ಕೊನೆಯೂ ಇತ್ತು. ಅರಣ್ಯಕಾಂಡ 6ರಲ್ಲಿರುವ, ತನ್ನನ್ನು ದೇವರಿಗೆ ಮೀಸಲಿಡುವ ನಾಜೀರ ವ್ರತಕ್ಕೂ ದಿನಗಳು ಮುಗಿದಾಗ ಮಾಡಬೇಕಾದ ವಿಧಿ ಇದೆ. ಅಪೊಸ್ತಲ ಪೌಲ ಕೆಂಖ್ರೆ ಅನ್ನುವ ಊರಿನಲ್ಲಿ ಹರಕೆಯ ಕಾರಣಕ್ಕೆ ತಲೆ ಕ್ಷೌರ ಮಾಡಿಸಿ ಹಡಗು ಹತ್ತಿದ.

ನಿಮ್ಮ ಹರಕೆಗೆ ಕೊನೆ ಇಲ್ಲ, ಜನ ಇಲ್ಲ, ಸಂತೋಷವೂ ಇಲ್ಲ. ಗಂಡನಿಗೂ ಗೊತ್ತಿಲ್ಲದೆ ಕತ್ತಲಲ್ಲಿ ಒಬ್ಬರೇ ಕೂತು ಸಾಲದ ಕಂತು ಕಟ್ಟಿದ ಹಾಗೆ ಸ್ತೋತ್ರ ಕಟ್ಟುತ್ತಿದ್ದೀರಿ. ಮನಸ್ಸು ಖಾಲಿಯಾಗದೆ ಇನ್ನೇನಾಗುತ್ತೆ?

ನನ್ನ ಹತ್ತಿರ ಬಂದಿದ್ದ ಒಬ್ಬ ತಾಯಿ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತಪ್ಪಿದ ದಿನಕ್ಕೆ ಕೆಂಪು ಗುರುತು, ಪಕ್ಕದಲ್ಲಿ ಬಾಕಿ ನಿಮಿಷ. ವಾರದ ಕೊನೆಗೆ ಕೂಡಿ ಮುಂದಿನ ಪುಟಕ್ಕೆ ಒಯ್ಯುತ್ತಿದ್ದರು. ರಜೆಯ ದಿನ ಮೂರು ನಾಲ್ಕು ಗಂಟೆ ಕೂತು ತೀರಿಸುವುದು, ಮತ್ತೆ ಬಾಕಿ ಬೀಳುವುದು. ಪುಟದ ಮೇಲ್ಭಾಗದಲ್ಲಿ ಚೆಂದದ ಅಕ್ಷರದಲ್ಲಿ ಸ್ತೋತ್ರ ಅಂತ ಬರೆದಿತ್ತು. ಆ ನೋಟ್‌ಬುಕ್ಕಿನ ಯಾವ ಪುಟದಲ್ಲೂ, ದೇವರು ಇವತ್ತು ಇದನ್ನು ಮಾಡಿದರು ಅನ್ನುವ ಒಂದು ಸಾಲೂ ಇರಲಿಲ್ಲ. ನನಗೆ ಆ ದಿನ ತುಂಬಾ ಸಂಕಟವಾಯಿತು. ಭಕ್ತಿ ಇಲ್ಲದವರಿಗೆ ಇದು ಆಗುವುದಿಲ್ಲ. ಜಾಸ್ತಿ ಭಕ್ತಿ ಇರುವವರಿಗೇ ಆಗುತ್ತೆ.

ಇನ್ನು ಬಾಯಿ ಹಾಡಿ ಮನಸ್ಸು ಖಾಲಿ ಇರುವುದು ಕಪಟವಾ ಅಂತ ಕೇಳಿದಿರಿ. ಮತ್ತಾಯ 6ರಲ್ಲಿ ಯೇಸು ಕಪಟಿಗಳು ಅಂದದ್ದು ಜನ ನೋಡಲಿ ಅಂತ ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರಿಗೆ. ನಾಲ್ಕು ಗಂಟೆಗೆ ನಿಮ್ಮನ್ನು ನೋಡುವವರು ಯಾರಿದ್ದಾರೆ? ಕೀರ್ತನೆ 42ರ ಭಕ್ತ, ನನ್ನ ಮನವೇ ಯಾಕೆ ಕುಗ್ಗಿಹೋಗಿದ್ದೀಯ ಅಂತ ತನ್ನನ್ನೇ ಕೇಳಿಕೊಂಡು, ಮತ್ತೆ ಸ್ತುತಿಸುವ ದಿನ ಬರುತ್ತೆ ಅನ್ನುತ್ತಾನೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಹಲ್ಲೆಲೂಯ ಕೂಡ ಇಲ್ಲ. ಆದರೂ ಅದು ಕೀರ್ತನೆಗಳ ಪುಸ್ತಕದಲ್ಲಿದೆ. ಇಬ್ರಿಯ 13ರಲ್ಲಿ ಸ್ತೋತ್ರವನ್ನು ಯಜ್ಞ ಅಂತಲೇ ಕರೆದಿದೆ. ಯಜ್ಞ ಅಂದ ಮೇಲೆ ಕೆಲವು ದಿನ ಕಷ್ಟವಾಗುತ್ತೆ, ಮನಸ್ಸು ಆಮೇಲೆ ಬರುತ್ತೆ, ಕೆಲವು ದಿನ ಬರುವುದೇ ಇಲ್ಲ. ಮನಸ್ಸು ಖಾಲಿ ಇದ್ದರೆ ದೇವರೇ ಇವತ್ತು ಖಾಲಿ ಅಂತ ಹೇಳಿ. ಸುಳ್ಳು ಉತ್ಸಾಹ ತೋರಿಸುವುದಕ್ಕಿಂತ ಅದು ಎಷ್ಟೋ ಮೇಲು. ಮತ್ತೆ ನಿಮ್ಮ ವಿಷಯದಲ್ಲಿ ಒಂದು ಸರಳ ಕಾರಣವೂ ಇದೆ, ನಿದ್ದೆ. ಮಧ್ಯರಾತ್ರಿ ದಾಟಿ ಮಲಗಿ ನಾಲ್ಕಕ್ಕೆ ಎದ್ದರೆ ಯಾರ ಮನಸ್ಸೂ ಖಾಲಿಯಾಗುತ್ತೆ. ಬೆಳಗ್ಗೆ ಬೇಗ ಎದ್ದು ದುಡಿಯುವುದೂ ವ್ಯರ್ಥ, ದೇವರು ತಮ್ಮ ಪ್ರಿಯರಿಗೆ ನಿದ್ದೆ ಕೊಡುತ್ತಾರೆ ಅಂತ ಕೀರ್ತನೆ 127ರಲ್ಲೇ ಇದೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ಹೇಗಿದೆಯೋ ಹಾಗೇ ಹಲ್ಲು ಕಚ್ಚಿ ಮುಂದುವರಿಸಬಹುದು. ಇದರಲ್ಲಿ ಆರೋಗ್ಯ ಕೆಡುತ್ತೆ, ಮಗಳ ಮೇಲೆ ಸಿಡುಕು ಬರುತ್ತೆ, ಕೊನೆಗೆ ದೇವರ ಮೇಲೇ ಬೇಸರ ಹುಟ್ಟುತ್ತೆ. ಯಾರಿಗೂ ಹೇಳದೆ ಸುಮ್ನೆ ಬಿಟ್ಟುಬಿಡಬಹುದು. ತುಂಬಾ ಜನ ಮಾಡುವುದು ಇದನ್ನೇ. ಆದರೆ ಮುಗಿಸದೆ ಬಿಟ್ಟದ್ದು ಒಳಗೇ ಕೊಳೆಯುತ್ತೆ, ಮುಂದಿನ ಕಷ್ಟ ಬಂದಾಗ ಇನ್ನೂ ದೊಡ್ಡ ಹರಕೆಯಾಗಿ ಎದ್ದು ಬರುತ್ತೆ. ತಪ್ಪಿದ್ದಕ್ಕೆ ದಂಡ ಅಂತ ಉಪವಾಸ ಸೇರಿಸುವುದು, ಎರಡು ಗಂಟೆ ಮಾಡುವುದು, ಇದನ್ನಂತೂ ದಯವಿಟ್ಟು ಮಾಡಬೇಡಿ. ನಾನು ನೋಡಿದವರಲ್ಲಿ ಹೆಚ್ಚು ಕುಸಿದವರು ಈ ದಾರಿ ಹಿಡಿದವರೇ.

ನಾನು ಹೇಳುವುದು, ದೇವರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡು ಹರಕೆಯನ್ನು ತಿದ್ದಿಕೊಳ್ಳಿ. ಕ್ರೈಸ್ತ ಸಭೆಗಳಲ್ಲಿ ಇದು ಹೊಸದಲ್ಲ. ಕಥೋಲಿಕ ಸಭೆಯ 1983ರ ಕ್ಯಾನನ್ ಲಾ, ಅಂದರೆ ಸಭೆಯ ಕಾನೂನಿನ ಪ್ರಕಾರ ಹರಕೆ ಅಂದರೆ ಯೋಚಿಸಿ, ಸ್ವತಂತ್ರವಾಗಿ, ಸಾಧ್ಯವಾದ, ಹೆಚ್ಚು ಒಳ್ಳೆಯದೊಂದರ ಬಗ್ಗೆ ದೇವರಿಗೆ ಕೊಟ್ಟ ಮಾತು. ಖಾಸಗಿ ಹರಕೆಯನ್ನು ಅಷ್ಟೇ ಒಳ್ಳೆಯದಕ್ಕೆ ಅಥವಾ ಅದಕ್ಕಿಂತ ಒಳ್ಳೆಯದಕ್ಕೆ ಹೊತ್ತವರೇ ಬದಲಿಸಿಕೊಳ್ಳಬಹುದು. ನ್ಯಾಯವಾದ ಕಾರಣ ಇದ್ದರೆ ಧರ್ಮಕೇಂದ್ರದ ಗುರುಗಳೇ ಬಿಡುಗಡೆ ಕೊಡಬಹುದು. ಪ್ರಾಟೆಸ್ಟಂಟರಲ್ಲಿ 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ, ತನ್ನ ಕೈಯಲ್ಲಿ ಆಗದ್ದನ್ನು, ದೇವರ ವಾಕ್ಯ ಹೇಳಿದ ಕರ್ತವ್ಯಕ್ಕೆ ಅಡ್ಡ ಬರುವುದನ್ನು ಯಾರೂ ಹರಕೆ ಹೊರಬಾರದು ಅನ್ನುತ್ತದೆ. ಪ್ರಾಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1505ರಲ್ಲಿ ಗುಡುಗು ಮಿಂಚಿಗೆ ಹೆದರಿ, ಸಂತ ಅನ್ನಳ ಹೆಸರು ಕೂಗಿ, ಸನ್ಯಾಸಿ ಆಗ್ತೀನಿ ಅಂತ ಮಾತು ಕೊಟ್ಟವನು. ಕೊಟ್ಟ ಮಾತಿನಂತೆ ಮಠ ಸೇರಿದ. 1521ರಲ್ಲಿ ಅವನೇ, ರಕ್ಷಣೆ ಗಳಿಸಿಕೊಳ್ಳಲು ಹೊತ್ತ ಹರಕೆ ಮನಸ್ಸಾಕ್ಷಿಯನ್ನು ಕಟ್ಟಿಹಾಕಲಾರದು ಅಂತ ಬರೆದ. ಅವನ ವಾದವನ್ನು ಎಲ್ಲರೂ ಒಪ್ಪಬೇಕಿಲ್ಲ. ಭಯದ ಗಳಿಗೆಯಲ್ಲಿ ಹೇಳಿದ ಮಾತನ್ನು ತಿಳಿಮನಸ್ಸಿನಲ್ಲಿ ಮತ್ತೆ ತೂಗಿ ನೋಡುವುದು ದೈವದ್ರೋಹವಲ್ಲ ಅನ್ನುವುದಕ್ಕೆ ಹೇಳಿದೆ ಅಷ್ಟೇ.

ಈ ದಾರಿಯಲ್ಲೂ ಒಂದು ಅಪಾಯ ಇದೆ. ತಿದ್ದುವುದೇ ಅಭ್ಯಾಸವಾಗಿ, ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಾ ಹೋಗಬಹುದು. ಅದಕ್ಕೇ ಒಬ್ಬರೇ ಮಾಡಬೇಡಿ. ನಿಮ್ಮ ಪಾಸ್ಟರ್ ಅಥವಾ ಗುರುಗಳ ಮುಂದೆ ಒಂದೇ ಸಲ ಮಾಡಿ ಮುಗಿಸಿ. ಇದನ್ನು ಮದುವೆಯ ಪ್ರಮಾಣಕ್ಕೋ, ಇನ್ನೊಬ್ಬರ ಹತ್ತಿರ ತಂದ ಸಾಲಕ್ಕೋ ಅನ್ವಯಿಸಬೇಡಿ. ಅಲ್ಲಿ ಇನ್ನೊಬ್ಬರ ಹಕ್ಕಿದೆ, ಲೆಕ್ಕ ಬೇರೆ.

ತಿದ್ದಿದ ಹರಕೆ ಹೇಗಿರಬಹುದು? ಗಂಟೆ ಬಿಟ್ಟುಬಿಡಿ. ದಾನಿಯೇಲ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ, ಕೀರ್ತನೆ 119ರ ಭಕ್ತ ಏಳು ಸಲ ಸ್ತುತಿಸಿದ, ಯೇಸು ಒಮ್ಮೆ ನಸುಕಿನಲ್ಲಿ ಎದ್ದು ಹೋದರು, ಇನ್ನೊಮ್ಮೆ ಇಡೀ ರಾತ್ರಿ ಪ್ರಾರ್ಥಿಸಿದರು. ನಾಲ್ಕೇ ಪವಿತ್ರ ಅಂತ ಎಲ್ಲೂ ಇಲ್ಲ. ನೀವು ಎದ್ದ ಹೊತ್ತಿಗೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆಮೇಲೆ ನಿನ್ನೆ ನಡೆದ ಒಂದು ಸಂಗತಿಯನ್ನು ಹೆಸರು ಹಿಡಿದು ಹೇಳಿ ಸ್ತೋತ್ರ ಮಾಡಿ. ಎಲ್ಲಾ ಆಶೀರ್ವಾದಕ್ಕೂ ಸ್ತೋತ್ರ ಅನ್ನಬೇಡಿ, ಅದು ಬಾಯಿಪಾಠ ಆಗುತ್ತೆ. ಮಗಳು ನಿನ್ನೆ ಮೊದಲ ಸಲ ತಾನೇ ಚಪ್ಪಲಿ ಹಾಕಿಕೊಂಡಳು, ಅದಕ್ಕೆ ಸ್ತೋತ್ರ ಅನ್ನಿ. ಅಷ್ಟು ಸಣ್ಣದು ಸಾಕು. ಪ್ರತಿದಿನ ಹರಕೆ ಸಲ್ಲಿಸುತ್ತಾ ನಿನ್ನ ನಾಮವನ್ನು ಯಾವಾಗಲೂ ಕೀರ್ತಿಸುತ್ತೇನೆ ಅಂತ ಕೀರ್ತನೆ 61ರ ಕೊನೆಯಲ್ಲಿ ಹೇಳಿದವನು, ಅದೇ ಕೀರ್ತನೆಯ ಮೊದಲಲ್ಲಿ ಎದೆಗುಂದಿ ಭೂಮಿಯ ಅಂಚಿನಿಂದ ಮೊರೆಯಿಡುತ್ತಿದ್ದವನು. ಪ್ರತಿದಿನ ಅನ್ನುವುದು ಮುಖ್ಯ, ಎಷ್ಟು ನಿಮಿಷ ಅನ್ನುವುದಲ್ಲ. ಒಂದು ದಿನ ತಪ್ಪಿದರೆ ಮಾರನೇ ದಿನ ಆ ದಿನದ್ದನ್ನು ಮಾತ್ರ ಮಾಡಿ. ಬಾಕಿ ಹೊರಬೇಡಿ. ಜೊತೆಗೆ ಒಂದು ಭಾನುವಾರ ಸಭೆಯಲ್ಲಿ ಎದ್ದು ನಿಂತು ಮಗಳ ಕಥೆಯನ್ನು ಸಾಕ್ಷಿಯಾಗಿ ಹೇಳಿ, ನಾಲ್ಕು ಜನರನ್ನು ಊಟಕ್ಕೆ ಕರೆಯಿರಿ. ಎರಡು ವರ್ಷದಿಂದ ಆ ಕಥೆಯನ್ನು ಗುಟ್ಟಾಗಿ ಇಟ್ಟಿದ್ದೀರಿ ಅಲ್ವಾ, ಹರಕೆ ತೀರಿಸುವುದರ ದೊಡ್ಡ ಭಾಗವೇ ಅಲ್ಲಿದೆ.

ಸಂಬಳದ ವಿಷಯ ಇದಕ್ಕಿಂತ ಸುಲಭ. ಮಾರ್ಕ 7ರಲ್ಲಿ, ತಂದೆತಾಯಿಗೆ ಕೊಡಬೇಕಾದ್ದನ್ನು ಇದು ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಖಂಡಿಸಿದರು. ಅಪ್ಪನ ಆಪರೇಷನ್‌ಗೆ ಹಣ ಹೋದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಕ್ಕಳಿಗೆ ಕೊಡ್ತೀನಿ ಅಂದದ್ದು ಈಗಲೂ ನಿಮ್ಮ ಕೈಯಲ್ಲಿ ಆಗುವ ಕೆಲಸ. ಒಂದೇ ಸಲ ಬೇಡ, ತಿಂಗಳಿಗೆ ಆಗುವಷ್ಟು ಎತ್ತಿಟ್ಟು ಕೊಡಿ, ಮನೆ ನಡೆಯುವುದಕ್ಕೆ ತೊಂದರೆ ಆಗದ ಹಾಗೆ. ಹರಕೆಯ ಮೊತ್ತ ಕಟ್ಟೋಕೆ ಆಗದ ಬಡವನಿಗೆ ಯಾಜಕನು ಅವನ ಶಕ್ತಿ ನೋಡಿ ಮೊತ್ತ ಇಳಿಸಬೇಕು ಅಂತ ಯಾಜಕಕಾಂಡ 27ರಲ್ಲಿದೆ. ಇದನ್ನು ಪೂರ್ತಿ ಕೈಬಿಡಬೇಡಿ ಅನ್ನುವುದು ನನ್ನ ಸಲಹೆ. ಇದರ ಲಾಭ ಇನ್ನೊಂದು ಮಗುವಿಗೆ ಸೇರುತ್ತೆ.

ಕೊನೆಗೆ, ತಲೆಯಲ್ಲಿ ತಾನಾಗಿ ಬರುವ ಮಾತು. ಅದು ಹರಕೆ ಅಲ್ಲ. ಖಂಡಿತ ಅಲ್ಲ. ಹರಕೆಯನ್ನು ನೀವು ಹೊರಬೇಕು, ಅದು ತಾನಾಗಿ ಬಂದು ನಿಮ್ಮ ಮೇಲೆ ಕೂರುವುದಿಲ್ಲ. ಬೇಡ ಅಂದರೂ ಬರುವುದು, ಪ್ರಾರ್ಥನೆಯನ್ನು ಸರಿಯಾಗುವವರೆಗೂ ಮತ್ತೆ ಮತ್ತೆ ಹೇಳಿಸುವುದು, ಹೇಳಿದ ಮೇಲೆ ಸ್ವಲ್ಪ ಹೊತ್ತು ಸಮಾಧಾನ, ಮತ್ತೆ ಅದೇ ಭಯ. ಈ ಚಕ್ರ ಒಸಿಡಿ ಅನ್ನುವ ಗೀಳು ಕಾಯಿಲೆಯಲ್ಲಿ ಕಾಣುತ್ತೆ, ಭಕ್ತಿಯ ವಿಷಯ ಹಿಡಿದುಕೊಂಡೂ ಬರುತ್ತೆ. ನಿಮಗೆ ಅದೇ ಇದೆ ಅಂತ ಪತ್ರ ನೋಡಿ ನಾನು ಹೇಳಲಾರೆ, ಆದರೆ ಒಬ್ಬ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟನ್ನೋ ನೋಡಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮಾತಿನ ಚಿಕಿತ್ಸೆಯೂ ಇದೆ, ಔಷಧವೂ ಇದೆ. ನಂಬಿಕೆ ಕಡಿಮೆಯಾಗಿ ಬರುವ ಕಾಯಿಲೆ ಇದಲ್ಲ, ಚಿಕಿತ್ಸೆ ತೆಗೆದುಕೊಂಡರೆ ನಂಬಿಕೆಗೆ ಕುಂದೂ ಇಲ್ಲ. ಅಲ್ಲಿಯವರೆಗೆ ಆ ಮಾತು ಬಂದಾಗ ಅದಕ್ಕೆ ಉತ್ತರ ಕೊಡೋಕೆ ಹೋಗಬೇಡಿ, ಪ್ರಾರ್ಥನೆಯನ್ನು ಇನ್ನೊಂದು ಸಲ ಹೇಳಲೂ ಬೇಡಿ. ಕೈಯಲ್ಲಿರುವ ಕೆಲಸ ಮುಂದುವರಿಸಿ. ಮೊದಮೊದಲು ತುಂಬಾ ಕಷ್ಟವಾಗುತ್ತೆ, ಗೊತ್ತು.

ಗಂಡನಿಗೆ ಇವತ್ತೇ ಹೇಳಿ. ಬೈಬಲಿನ ಹನ್ನಳು ಮಗನಿಗಾಗಿ ಹರಕೆ ಹೊತ್ತವಳು. ಮಗು ಹುಟ್ಟಿದ ಮೇಲೆ ವರ್ಷದ ಯಜ್ಞಕ್ಕೆ ಗಂಡ ಎಲ್ಕಾನ ಹೊರಟಾಗ, ನಾನು ಈಗ ಬರಲ್ಲ, ಮಗು ಮೊಲೆ ಬಿಡಲಿ, ಆಮೇಲೆ ಕರೆದುಕೊಂಡು ಬರ್ತೀನಿ ಅಂದಳು. ನಿನಗೆ ಸರಿ ಕಂಡಂತೆ ಮಾಡು ಅಂದ ಅವನು. ಅವಳ ಹರಕೆ ಅವನಿಗೂ ಗೊತ್ತಿದ್ದದ್ದಕ್ಕೇ ಆ ಮಾತು ನಡೆಯಿತು. ಐಸಿಯು ಹೊರಗಿನ ಆ ರಾತ್ರಿ ನಿಮ್ಮ ಗಂಡನದೂ ಹೌದು. ಇಬ್ಬರೂ ಒಟ್ಟಿಗೆ ಪಾಸ್ಟರ್ ಹತ್ತಿರ ಹೋಗಿ. ಅವರೂ ಆ ಹಿರಿಯರ ಹಾಗೆ ಶಾಪದ ಮಾತಾಡಿದರೆ ಅಲ್ಲಿ ವಾದ ಮಾಡಬೇಡಿ. ಎದ್ದು ಬನ್ನಿ, ಬೇರೊಬ್ಬ ಅನುಭವಿ ಸೇವಕರನ್ನು ಹುಡುಕಿ. ಆ ಪ್ರಾರ್ಥನಾ ಗುಂಪಿಗೆ ಸ್ವಲ್ಪ ದಿನ ಹೋಗದೇ ಇದ್ದರೂ ಪರವಾಗಿಲ್ಲ.